ಪಾಠ ಯೋಜನೆಯಲ್ಲಿ ಬಾರದ ರಾಮಾನುಜನ್

ಡಿಸೆಂಬರ್ 22ರ ಗಣಿತ ದಿನದಂದು ಬೊಮ್ಮಸಂದ್ರದ ಶಾಲೆಗಳಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಕಥೆ ಹೇಳುವ ನಮ್ಮ ಪ್ರಶಿಕ್ಷಣಾರ್ಥಿಗಳು ಟ್ಯಾಕ್ಸಿಯ 1729ನ್ನು ಮರೆಯುವುದಿಲ್ಲ. ಕಂಬಳಿಯ ಪ್ರಸಂಗ ಮಾತ್ರ ಪಾಠ ಯೋಜನೆಗೆ ಬರುವುದೇ ಇಲ್ಲ. ಕಾರ್ಖಾನೆಯ ಕೆಲಸಕ್ಕೆಂದು ಊರು ಬಿಟ್ಟು ಬಂದವರ ಮಕ್ಕಳು ಕುಳಿತಿರುವ ತರಗತಿಗೆ ಅದೇ ಹೆಚ್ಚು ಹತ್ತಿರ.

1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದ ರಾಮಾನುಜನ್ 1914ರ ಮಾರ್ಚ್ 17ರಂದು ಮದರಾಸಿನಲ್ಲಿ ಹಡಗು ಹತ್ತಿದರು. ಪತ್ನಿ ಜಾನಕಿ ಊರಿನಲ್ಲೇ ಉಳಿದರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಹಾರ್ಡಿಯವರ ಜೊತೆ ಗಣಿತಕ್ಕೇನೂ ಕೊರತೆ ಇರಲಿಲ್ಲ. ಬೂಟು ಮಾತ್ರ ಕಾಲಿಗೆ ಒಗ್ಗಲಿಲ್ಲ. ಕಾಲೇಜಿನ ಅಡುಗೆಯಲ್ಲಿ ಪ್ರಾಣಿಗಳ ಕೊಬ್ಬು ಬೆರೆತಿರಬಹುದೆಂಬ ಅಂಜಿಕೆಯಿಂದ ಅಲ್ಲಿ ಉಣ್ಣದೆ ತಮ್ಮ ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಿದ್ದರು. ಅದೇ ಆಗಸ್ಟಿನಲ್ಲಿ ಯುದ್ಧ ಶುರುವಾಗಿ, ತರಕಾರಿ ಸಿಗುವುದೂ ಕಷ್ಟವಾಯಿತು.

ಆಗ ಅಲ್ಲೇ ಓದುತ್ತಿದ್ದ ಪ್ರಶಾಂತ ಚಂದ್ರ ಮಹಲನೋಬಿಸ್ ಒಮ್ಮೆ ರಾತ್ರಿಯ ಚಳಿ ಹೇಗಿದೆ ಎಂದು ವಿಚಾರಿಸಿದರು. ಓವರ್‌ಕೋಟು ತೊಟ್ಟು ಶಾಲು ಹೊದ್ದು ಮಲಗಿದರೂ ನಡುಕ ನಿಲ್ಲುವುದಿಲ್ಲವೆಂದು ರಾಮಾನುಜನ್ ಹೇಳಿಕೊಂಡರು. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಕಂಬಳಿಗಳು ಬೇಕಾದಷ್ಟಿದ್ದವು. ಅವುಗಳ ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ಹೊದಿಕೆ ಹರಡಿದ್ದರು. ರಾಮಾನುಜನ್ ಇಷ್ಟು ದಿನವೂ ಆ ಕಂಬಳಿಗಳ ಮೇಲೆಯೇ ಮಲಗುತ್ತಿದ್ದರು! ಕಂಬಳಿ ಸರಿಸಿ ಒಳಗೆ ನುಸುಳಬೇಕೆಂದು ಮಹಲನೋಬಿಸ್ ಮಾಡಿ ತೋರಿಸಿದರು. ಅಲ್ಲಿಯವರಿಗೆ ಅದು ಹೇಳಿಕೊಡುವ ಸಂಗತಿ ಎಂದೇ ತೋಚಿರಲಿಲ್ಲ. ಇವರಿಗೆ ಕೇಳಬೇಕೆಂದೂ ತಿಳಿದಿರಲಿಲ್ಲ.

ಇನ್ನೊಂದು ದಿನ ಗೆಳೆಯ ಚಟರ್ಜಿಯವರನ್ನೂ ಇಬ್ಬರು ಮಹಿಳೆಯರನ್ನೂ ಊಟಕ್ಕೆ ಕರೆದು ತಾವೇ ಸಾರು ಮಾಡಿ ಬಡಿಸಿದರು. ಎರಡನೆಯ ಸಲವೂ ಹಾಕಿಸಿಕೊಂಡ ಮಹಿಳೆಯರು ಮೂರನೆಯ ಸಲ ಬೇಡವೆಂದರು. ಸ್ವಲ್ಪ ಹೊತ್ತಿನಲ್ಲಿ ರಾಮಾನುಜನ್ ಕಾಣೆ. ನೊಂದುಕೊಂಡು ಆಕ್ಸ್‌ಫರ್ಡಿಗೆ ಹೊರಟುಹೋಗಿದ್ದರು! ನಗು ಬರುವಂತಿದ್ದರೂ, ಬಡಿಸಿ ಸಂತೋಷಪಡುವುದು ಮನೆಯ ಸುಖಗಳಲ್ಲಿ ಸಣ್ಣದೇನಲ್ಲ.

1917ರಲ್ಲಿ ಕಾಯಿಲೆ ಬಿದ್ದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದಾಗಲೂ ಆರೋಗ್ಯ ಮರಳಿರಲಿಲ್ಲ. 1919ರಲ್ಲಿ ಊರಿಗೆ ಬಂದವರಿಗೆ ಜಾನಕಿ ಹೊತ್ತುಹೊತ್ತಿಗೆ ಅನ್ನ, ಮಜ್ಜಿಗೆ, ನಿಂಬೆರಸ ಕೊಟ್ಟು, ನೋವೆಂದಾಗ ಕಾಲಿಗೂ ಎದೆಗೂ ಬಿಸಿನೀರಿನ ಶಾಖ ಕೊಟ್ಟರು. 1920ರ ಏಪ್ರಿಲ್ 26ರಂದು ತೀರಿಕೊಂಡಾಗ ರಾಮಾನುಜನ್‌ಗೆ 32 ವರ್ಷ. ಆ ನೀರು ಕಾಯಿಸುತ್ತಿದ್ದ ಎರಡು ಪಾತ್ರೆಗಳನ್ನು ಜಾನಕಿ ಮುಪ್ಪಿನವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದರು.