ಬೆಂಕಿಗೆ ಬಗ್ಗದ ರಾಳವನ್ನು ಕೊಟ್ಟ ಬೇಕ್ಲೆಂಡ್

ವಿದ್ಯಾರ್ಥಿಗಳೇ, ಒಲೆಯ ಮೇಲೆ ಕುದಿಯುವ ಕುಕ್ಕರನ್ನು ನಿಮ್ಮ ತಾಯಿಯವರು ಅದರ ಕರಿಯ ಹಿಡಿಯಿಂದ ಎತ್ತಿ ಇಳಿಸುವುದನ್ನು ನೀವು ದಿನವೂ ನೋಡುತ್ತೀರಿ. ಆ ಹಿಡಿ ಕಾವಿಗೆ ಕರಗದು, ಕೈಯನ್ನು ಸುಡದು. ಇಂತಹ ಪದಾರ್ಥವನ್ನು ಲೋಕಕ್ಕಿತ್ತವನು ಲಿಯೋ ಬೇಕ್ಲೆಂಡ್.

ಆತನು 1863ರ ನವೆಂಬರ್ 14ರಂದು ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಜನಿಸಿದನು. ತಂದೆ ಜೋಡುಗಳನ್ನು ದುರಸ್ತಿ ಮಾಡುತ್ತಿದ್ದನು. ತಾಯಿ ಪರರ ಮನೆಗೆಲಸ ಮಾಡಿದವಳು. ನಗರಸಭೆಯ ವಿದ್ಯಾರ್ಥಿವೇತನದಿಂದ ಬಾಲಕನು ವಿಶ್ವವಿದ್ಯಾಲಯವನ್ನು ಸೇರಿ, ತನ್ನ 21ನೆಯ ವಯಸ್ಸಿನಲ್ಲಿಯೇ ಡಾಕ್ಟರೇಟ್ ಪದವಿಯನ್ನು ಪಡೆದನು. 1889ರಲ್ಲಿ ಅಮೆರಿಕಕ್ಕೆ ತೆರಳಿದನು. ಅಲ್ಲಿ ತಾನು ಕಂಡುಹಿಡಿದ ವೆಲಾಕ್ಸ್ ಎಂಬ ಛಾಯಾಚಿತ್ರದ ಕಾಗದದ ಹಕ್ಕನ್ನು 1899ರಲ್ಲಿ ಮಾರಿ ಶ್ರೀಮಂತನಾದನು. ಆದರೂ ಸುಮ್ಮನೆ ಕೂರದೆ, ಯಾಂಕರ್ಸ್ ಎಂಬ ಊರಿನ ತನ್ನ ಮನೆಯಲ್ಲಿ ಪ್ರಯೋಗಶಾಲೆಯನ್ನು ಹೂಡಿದನು.

ಆಗ ವಿದ್ಯುತ್ತಿನ ಬಳಕೆ ಹಬ್ಬುತ್ತಿದ್ದ ಕಾಲ. ವಿದ್ಯುತ್ ಉಪಕರಣಗಳ ಹೊದಿಕೆಗೆ ಅರಗು ಬೇಕಾಗಿದ್ದಿತು. ಅದು ಬಹುಮಟ್ಟಿಗೆ ನಮ್ಮ ಭಾರತದಿಂದಲೇ ಹೋಗುತ್ತಿದ್ದಿತು. ಆದರೆ ಅರಗು ಕಾವಿಗೆ ಮೆತ್ತಗಾಗುವಂಥದು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಬೆರೆಸಿದರೆ ಒಂದು ರಾಳ ಬರುವುದನ್ನು ಜರ್ಮನಿಯ ಬೇಯರ್ 1872ರಲ್ಲಿಯೇ ಕಂಡಿದ್ದನು, ಉಪಯೋಗವಿಲ್ಲವೆಂದು ಕೈಬಿಟ್ಟಿದ್ದನು. ಕಾಯಿಸಿದರೆ ಅದು ನೊರೆಯೆದ್ದು ಕೆಡುತ್ತಿದ್ದಿತು. ಬೇರೆಯವರು ಕಾವನ್ನು ತಗ್ಗಿಸಲು ಹೆಣಗಿದರು. ಬೇಕ್ಲೆಂಡ್ ಕಾವನ್ನು ಏರಿಸಿದನು. ಜೊತೆಗೆ ಮುಚ್ಚಿದ ಪಾತ್ರೆಯಲ್ಲಿ ಒತ್ತಡವನ್ನೂ ಹೇರಿ ನೊರೆಯನ್ನು ಅಡಗಿಸಿದನು. ಸುಟ್ಟ ಮಡಕೆಯು ಮರಳಿ ಜೇಡಿಮಣ್ಣಾಗದಂತೆ, ಒಮ್ಮೆ ಗಟ್ಟಿಯಾದ ಈ ರಾಳವು ಮತ್ತೆ ಕರಗಲಿಲ್ಲ. 1907ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1909ರಲ್ಲಿ ವಿದ್ವಾಂಸರ ಸಭೆಯಲ್ಲಿ ಪ್ರಕಟಿಸಿದನು. ಅದೇ ಬೇಕಲೈಟ್.

ಬರಿಯ ರಾಳವು ಬೇಗ ಒಡೆಯುತ್ತದೆ. ಆದಕಾರಣ ಅದಕ್ಕೆ ಮರದ ಹುಡಿಯನ್ನು ಬೆರೆಸಿದರು. ಹೆಚ್ಚಿನ ಕಾವು ತಡೆಯಲು ಆಸ್ಬೆಸ್ಟಾಸ್ ನಾರನ್ನು ಸೇರಿಸಿದರು. ಆ ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಮುಂದೆ ತಿಳಿಯಿತು. ಅನೇಕ ದೇಶಗಳು ಅದನ್ನು ನಿಷೇಧಿಸಿದವು. ಇಂದು ಗ್ರಾಫೈಟ್ ಪುಡಿಯನ್ನೂ ಇಂಗಾಲದ ಎಳೆಗಳನ್ನೂ ಬೆರೆಸುವುದುಂಟು. ಉರಿ ತಗುಲಿದಾಗ ಈ ರಾಳವು ಹರಿಯದೆ ಮೇಲ್ಮೈಯಲ್ಲಿ ಇದ್ದಿಲಾಗುತ್ತದೆ. ಇಂಗಾಲದ ಎಳೆಗಳು ಆ ಇದ್ದಿಲು ಉದುರದಂತೆ ಹಿಡಿದಿಡುತ್ತವೆ. ಇದ್ದಿಲು ತಾನೇ ಗುರಾಣಿಯಾಗಿ ಒಳಗಣ ಭಾಗವನ್ನು ಕಾಯುತ್ತದೆ. ಧೂಮಕೇತುವಿನ ಧೂಳನ್ನು ಹೊತ್ತು 2006ರಲ್ಲಿ ಭೂಮಿಗೆ ಮರಳಿದ ಸ್ಟಾರ್‌ಡಸ್ಟ್ ನೌಕೆಯ ಪೆಟ್ಟಿಗೆಯು ಗಂಟೆಗೆ ಸುಮಾರು 46,000 ಕಿಲೋಮೀಟರ್ ವೇಗದಿಂದ ವಾಯುಮಂಡಲವನ್ನು ಹೊಕ್ಕಿತು. ಅದನ್ನು ಕಾಪಾಡಿದುದು ಫೀನಾಲ್ ರಾಳವನ್ನು ಹೀರಿದ ಇಂಗಾಲದ ನಾರಿನ ಕವಚ.

ಬೇಕ್ಲೆಂಡ್ ಇದನ್ನು ಕಾಣಲಿಲ್ಲ. 1944ರ ಫೆಬ್ರವರಿ 23ರಂದು ಕಾಲವಶನಾಗಿದ್ದನು. ಇತರರು ಕೈಬಿಟ್ಟುದನ್ನು ಆತನು ಕೈಗೆತ್ತಿಕೊಂಡನು. ಆ ಕೆಲಸದಲ್ಲಿ ಉಳಿದ ಕೊರತೆಯನ್ನು ಮುಂದಿನವರು ತಿದ್ದಿದರು. ಇನ್ನೂ ತಿದ್ದಬೇಕಾದುದು ಉಳಿದಿದೆ. ಅದು ನಿಮ್ಮ ಪಾಲಿನದು, ಮಕ್ಕಳೇ.