ಜೋಸೆಫ್ ವಿಟ್‌ವರ್ತ್: ಸಮತಲ, ತಿರುಪು ಮತ್ತು ರೈಫಲ್

ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ಫೆಲ್ಥಮ್‌ನಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ವಿಂಬಲ್ಡನ್ ಕಾಮನ್ ಎಂಬ ಬಯಲಿದೆ. 1860ರ ಜುಲೈ 2ರಂದು ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಸ್ಪರ್ಧೆ ಅಲ್ಲಿ ಆರಂಭವಾಯಿತು. ಉದ್ಘಾಟನೆಗೆ ಬಂದಿದ್ದ ವಿಕ್ಟೋರಿಯಾ ರಾಣಿ ಬಂದೂಕನ್ನು ಹೆಗಲಿಗೇರಿಸಲಿಲ್ಲ. ಲೋಹದ ಆಸರೆಯ ಮೇಲೆ ಬಿಗಿಯಾಗಿ ಕೂರಿಸಿದ್ದ ರೈಫಲ್ಲಿನ ಟ್ರಿಗರ್‌ಗೆ ಕಟ್ಟಿದ್ದ ರೇಷ್ಮೆಯ ದಾರವನ್ನು ಎಳೆದಳು. ಗುಂಡು 400 ಗಜ ದೂರದ ಗುರಿಹಲಗೆಯಲ್ಲಿ ನಡುಬಿಂದುವಿನಿಂದ ಸುಮಾರು ಒಂದೂಕಾಲು ಇಂಚು ಪಕ್ಕಕ್ಕೆ ತಾಗಿತು. ಆ ರೈಫಲ್ಲನ್ನು ರೂಪಿಸಿ, ಆಸರೆಯ ಮೇಲೆ ಕೂರಿಸಿ, ಗುರಿ ಹೊಂದಿಸಿಟ್ಟವನು ಮ್ಯಾಂಚೆಸ್ಟರಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್. ರಾಣಿಯ ಪಾಲಿಗೆ ಉಳಿದಿದ್ದ ಕೆಲಸ ದಾರ ಎಳೆಯುವುದಷ್ಟೇ.

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಸ್ಟಾಕ್‌ಪೋರ್ಟಿನಲ್ಲಿ. ತಂದೆ ಶಾಲಾ ಉಪಾಧ್ಯಾಯ, ಮುಂದೆ ಧರ್ಮಬೋಧಕನಾದ. ತಾಯಿ ಬೇಗನೆ ತೀರಿಕೊಂಡಳು. 14ನೆಯ ವಯಸ್ಸಿಗೆ ಹುಡುಗನನ್ನು ಡರ್ಬಿಶೈರಿನಲ್ಲಿದ್ದ ಬಂಧುವಿನ ಹತ್ತಿ ಗಿರಣಿಗೆ ಕಳುಹಿಸಿದರು. ಅವನ ಮನಸ್ಸು ಹತ್ತಿಯ ವ್ಯಾಪಾರದ ಮೇಲಿರಲಿಲ್ಲ, ಗಿರಣಿಯ ಯಂತ್ರಗಳ ಮೇಲಿತ್ತು. ಕೆಲವು ವರ್ಷಗಳಲ್ಲೇ ಅಲ್ಲಿಂದ ತಪ್ಪಿಸಿಕೊಂಡು ಮ್ಯಾಂಚೆಸ್ಟರಿಗೆ ಹೋಗಿ ಸಾಮಾನ್ಯ ಕೆಲಸಗಾರನಾದ. 1825ರಲ್ಲಿ ಲಂಡನ್ನಿಗೆ ಬಂದು, ಆ ಕಾಲದ ಅತ್ಯುತ್ತಮ ಯಂತ್ರಶಾಲೆಯೆನಿಸಿದ್ದ ಹೆನ್ರಿ ಮಾಡ್ಸ್ಲೆಯ ಕಾರ್ಯಾಗಾರ ಸೇರಿದ. ಬಳಿಕ ಚಾರ್ಲ್ಸ್ ಬ್ಯಾಬೇಜನ ಗಣಕಯಂತ್ರವನ್ನು ಕಟ್ಟುತ್ತಿದ್ದ ಜೋಸೆಫ್ ಕ್ಲೆಮೆಂಟನ ಬಳಿಯೂ ದುಡಿದ.

ಅವನ ಕೀರ್ತಿಗೆ ಬುನಾದಿಯಾದದ್ದು ಒಂದು ಸಾದಾ ಪ್ರಶ್ನೆ: ನಿಜವಾಗಿ ಚಪ್ಪಟೆಯಾದ ಲೋಹದ ಹಲಗೆಯನ್ನು ಮಾಡುವುದು ಹೇಗೆ? ಸಮತಲ ಫಲಕಗಳ ಬಳಕೆ ಮಾಡ್ಸ್ಲೆಯಲ್ಲಿ ಆಗಲೇ ಇತ್ತು. ಆದರೆ ಅಂದಿನ ರೂಢಿಯಂತೆ ಎರಡು ಹಲಗೆಗಳ ನಡುವೆ ಕುರುಂದದ ಪುಡಿ ಹಾಕಿ ಉಜ್ಜಿದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಬಹುದು. ಹಾಗಾದರೂ ಎರಡೂ ಒಂದಕ್ಕೊಂದು ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ವಿಟ್‌ವರ್ತ್ ಮೂರು ಹಲಗೆಗಳನ್ನು ತೆಗೆದುಕೊಂಡ. ಬಣ್ಣ ಬೆರೆಸಿದ ಎಣ್ಣೆಯನ್ನು ಒಂದಕ್ಕೆ ತೆಳುವಾಗಿ ಸವರಿ, ಇನ್ನೊಂದನ್ನು ಅದರ ಮೇಲಿಟ್ಟು ಎತ್ತಿದರೆ ಎತ್ತರದ ಜಾಗಗಳಿಗೆ ಮಾತ್ರ ಬಣ್ಣ ಅಂಟುತ್ತದೆ. ಆ ಚುಕ್ಕೆಗಳನ್ನಷ್ಟೇ ಉಳಿಯಿಂದ ಹೆರೆಯಬೇಕು. ಮೂರನ್ನೂ ಅದಲುಬದಲು ಮಾಡಿ ಹೀಗೆ ಪರೀಕ್ಷಿಸುತ್ತ ಹೋದರೆ, ಮೂರೂ ಪರಸ್ಪರ ಹೊಂದುವುದು ಮೂರೂ ಸಮತಲವಾದಾಗ ಮಾತ್ರ. 1840ರಲ್ಲಿ ಗ್ಲಾಸ್ಗೋದ ವಿದ್ವತ್ಸಭೆಯಲ್ಲಿ ಅವನು ಈ ವಿಧಾನವನ್ನು ವಿವರಿಸಿದ.

ರೈಫಲ್ ಪಳಗಿಸುವವರು ಈ ವಿಧಾನವನ್ನು ಓದಿದರೆ ನಗುತ್ತಾರೆ, ಏಕೆಂದರೆ ಅವರು ಇಂದಿಗೂ ಮಾಡುವುದು ಇದನ್ನೇ. .22 ರಿಮ್‌ಫೈರ್ ರೈಫಲ್ಲಿನ ಕಾಡತೂಸಿನಲ್ಲಿ ಸಿಡಿಮದ್ದು ತಳದ ಅಂಚಿನೊಳಗೇ ಇರುತ್ತದೆ. ಬಳಸಿದ ಕೋಶವನ್ನು ಮತ್ತೆ ತುಂಬುವುದು ವ್ಯವಹಾರ್ಯವಲ್ಲ. ಆದ್ದರಿಂದ ಬೇರೆ ರೈಫಲ್‌ಗಳವರಂತೆ ತನಗೆ ಬೇಕಾದ ಹದದಲ್ಲಿ ಮದ್ದು ತುಂಬಿಕೊಳ್ಳುವ ಸ್ವಾತಂತ್ರ್ಯ ಗುರಿಕಾರನಿಗಿಲ್ಲ. ಒಳ್ಳೆಯ ಕಾಡತೂಸನ್ನು ಆರಿಸಿದ ಮೇಲೆ ಅವನು ತಿದ್ದಬಹುದಾದ ಮುಖ್ಯ ಸಂಗತಿ, ಉಕ್ಕಿನ ಭಾಗ ಮರದ ಸ್ಟಾಕಿನಲ್ಲಿ ಕೂತಿರುವ ರೀತಿ. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕೂರುವ ಜಾಗ ಏರುತಗ್ಗಾಗಿದ್ದರೆ ತಿರುಪು ಬಿಗಿದೊಡನೆ ಉಕ್ಕು ಕೂದಲೆಳೆಯಷ್ಟು ಬಾಗುತ್ತದೆ. ಪ್ರತಿ ಹೊಡೆತಕ್ಕೂ ನಳಿಗೆ ಬೇರೆಬೇರೆಯಾಗಿ ಅದುರುತ್ತದೆ. 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಅಲ್ಲಿ ಕೂದಲೆಳೆಗೂ ಬೆಲೆಯಿದೆ. ಹಾಗಾಗಿ ಕುಶಲಕರ್ಮಿ ಉಕ್ಕಿಗೆ ನೀಲಿ ಲೇಪ ಹಚ್ಚಿ ಸ್ಟಾಕಿನಲ್ಲಿ ಕೂರಿಸಿ ಎತ್ತಿ ನೋಡುತ್ತಾನೆ, ಬಣ್ಣ ಹತ್ತಿದಲ್ಲಿ ಮರವನ್ನು ಹೆರೆಯುತ್ತಾನೆ. ಇತ್ತೀಚಿನ ದಶಕಗಳಲ್ಲಿ ಉಕ್ಕಿಗೆ ಮೇಣ ಸವರಿ, ಎಪಾಕ್ಸಿ ರಾಳದಲ್ಲಿ ಅದರ ಪಡಿಯಚ್ಚನ್ನೇ ಎರಕ ಹೊಯ್ಯುವ ರೂಢಿ ಬಂದಿದೆ. ಬೆಡ್ಡಿಂಗ್ ಎಂದರೆ ಇದೇ. ರಾಳ ಹೊಸದು, ಬಣ್ಣ ಹಚ್ಚಿ ಹೆರೆದು ಮೇಲ್ಮೈ ಹೊಂದಿಸುವ ವಿವೇಕ ವಿಟ್‌ವರ್ತನ ಕಾಲದ್ದು.

1841ರಲ್ಲಿ ಅವನು ತಿರುಪುಗಳಿಗೆ ಏಕರೂಪದ ಥ್ರೆಡ್ ಸೂಚಿಸಿದ: 55 ಡಿಗ್ರಿ ಕೋನ, ದುಂಡಗಿನ ಏಣು. ಅಲ್ಲಿಯವರೆಗೆ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಹಿಡಿಯುತ್ತಿರಲಿಲ್ಲ. ಫೆಲ್ಥಮ್‌ನ ಮನೆಯ ನಲ್ಲಿಗೂ ಬೆಂಗಳೂರಿನ ಮನೆಯ ನಲ್ಲಿಗೂ ಇರುವ ಕೊಳವೆಯ ಥ್ರೆಡ್ ಇಂದಿಗೂ ಅದೇ ಕೋನದ್ದು. 1851ರ ಮಹಾಪ್ರದರ್ಶನದಲ್ಲಿ ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ಗುರುತಿಸುವ ಅಳತೆಯಂತ್ರವನ್ನು ತೋರಿಸಿದ.

ಕ್ರಿಮಿಯಾ ಯುದ್ಧದ ಹೊತ್ತಿಗೆ ಸರಕಾರ ಬಂದೂಕುಗಳ ವಿಷಯದಲ್ಲಿ ಅವನ ನೆರವು ಕೇಳಿತು. ಯಂತ್ರ ಮಾಡಿಕೊಡುವ ಮೊದಲು ಒಳ್ಳೆಯ ರೈಫಲ್ ಎಂದರೇನೆಂದು ತಿಳಿಯಬೇಕೆಂದು ಅವನು ಹಟ ಹಿಡಿದ. ಮ್ಯಾಂಚೆಸ್ಟರಿನ ತನ್ನ ಮನೆಯ ಆವರಣದಲ್ಲಿ 500 ಗಜ ಉದ್ದದ ಮುಚ್ಚಿದ ಪರೀಕ್ಷಾಶಾಲೆ ಕಟ್ಟಿಸಿದ. ಕಟ್ಟಿದ ಸ್ವಲ್ಪ ದಿನದಲ್ಲೇ ಬಿರುಗಾಳಿಗೆ ಅದು ಕುಸಿಯಿತು, ಮತ್ತೆ ಕಟ್ಟಿಸಿದ. ಹಾದಿಯುದ್ದಕ್ಕೂ ತೆಳುಕಾಗದದ ಪರದೆ ತೂಗುಹಾಕಿ, ಗುಂಡು ತೂತು ಮಾಡಿದ ಜಾಗಗಳಿಂದ ಅದರ ಪಥವನ್ನು ಗುರುತಿಸುತ್ತಿದ್ದ. ಕೊನೆಗೆ ಬಂದದ್ದು 0.451 ಇಂಚಿನ ಷಟ್ಕೋನ ನಳಿಗೆ, 20 ಇಂಚಿಗೆ ಒಂದು ಸುತ್ತು. ಸೇನೆಯ ಎನ್‌ಫೀಲ್ಡ್ ರೈಫಲ್ಲಿನಲ್ಲಿ 78 ಇಂಚಿಗೆ ಒಂದು ಸುತ್ತಿತ್ತು. 1857ರ ಪರೀಕ್ಷೆಗಳಲ್ಲಿ ಹೊಸ ರೈಫಲ್ ಎನ್‌ಫೀಲ್ಡನ್ನು ಬಹಳ ಹಿಂದೆ ಹಾಕಿತು.

ಆದರೂ ಸೇನೆ ಅದನ್ನು ತನ್ನದಾಗಿಸಿಕೊಳ್ಳಲಿಲ್ಲ. ಬೆಲೆ ಎನ್‌ಫೀಲ್ಡಿನ ನಾಲ್ಕು ಪಟ್ಟು. ಕಿರಿದಾದ ನಳಿಗೆಯಲ್ಲಿ ಕರಿಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತಿತ್ತು. ವಿಟ್‌ವರ್ತನಿಗೆ ಅನ್ಯಾಯವಾಯಿತೆಂದು ಬರೆದವರುಂಟು. ನನಗೆ ಹಾಗೆನಿಸುವುದಿಲ್ಲ: ಪ್ರಯೋಗಶಾಲೆಯ ಶುಚಿತ್ವವನ್ನು ಕೆಸರಿನಲ್ಲಿ ನಿಂತ ಸಿಪಾಯಿಯಿಂದ ನಿರೀಕ್ಷಿಸಲಾಗದು. ಅದರ ನಿಜವಾದ ನೆಲೆ ಗುರಿಸ್ಪರ್ಧೆಯ ಬಯಲು. ಅಲ್ಲಿ ಅದು ಮೆರೆಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ತಮ್ಮ ನುರಿತ ಗುರಿಕಾರರಿಗೆಂದೇ ಅದನ್ನು ತರಿಸಿಕೊಂಡರು. ಈ ಭಾಗ ಅವನ ಜೀವನಚರಿತ್ರೆಯ ಮೇಲೆ ನೆರಳಿನಂತಿದೆ.

1868ರಲ್ಲಿ ಯಂತ್ರಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ ತಲಾ 100 ಪೌಂಡಿನ 30 ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದ. 1869ರಲ್ಲಿ ಬ್ಯಾರೊನೆಟ್ ಪದವಿ ಬಂತು. ಎರಡು ಬಾರಿ ಮದುವೆಯಾದರೂ ಮಕ್ಕಳಾಗಲಿಲ್ಲ. 1887ರ ಜನವರಿ 22ರಂದು ಮಾಂಟೆಕಾರ್ಲೋದಲ್ಲಿ ತೀರಿಕೊಂಡ. ಅವನ ಆಸ್ತಿಯ ಬಹುಭಾಗ ಮ್ಯಾಂಚೆಸ್ಟರಿನ ಸಾರ್ವಜನಿಕ ಕೆಲಸಗಳಿಗೆ ಸಂದಿತು; ಅಲ್ಲಿನ ಕಲಾಶಾಲೆಯೊಂದು ಇಂದಿಗೂ ವಿಟ್‌ವರ್ತನ ಹೆಸರನ್ನು ಹೊತ್ತಿದೆ. ಅವನು ಗುರಿ ಹೊಂದಿಸಿಕೊಟ್ಟ ವಿಂಬಲ್ಡನ್ನಿನ ಸ್ಪರ್ಧೆ 1890ರಲ್ಲಿ ಸರ್ರೆಯ ಬಿಸ್ಲಿಗೆ ಸ್ಥಳಾಂತರಗೊಂಡಿತು. ಫೆಲ್ಥಮ್‌ನಿಂದ ಅದು ನೈಋತ್ಯಕ್ಕೆ ಒಂದು ಗಂಟೆಯೊಳಗಿನ ದಾರಿ.