ಟ್ರಾಮಿನಿಂದ ಇಳಿದ ಅಧಿಕಾರಿ: ಸರ್ ಸಿ. ವಿ. ರಾಮನ್

ಸಂಸ್ಕೃತ ವಾಙ್ಮಯದಲ್ಲಿ ಕಾಕತಾಲೀಯ ನ್ಯಾಯವೆಂಬುದು ಸುಪ್ರಸಿದ್ಧವಾಗಿದೆ. ಕಾಗೆಯೊಂದು ತಾಳೆಯ ಮರದ ಮೇಲೆ ಬಂದು ಕುಳಿತ ಕ್ಷಣದಲ್ಲಿಯೇ ಹಣ್ಣು ಕಳಚಿ ಬೀಳುತ್ತದೆ. ಕಾಗೆಯು ಹಣ್ಣನ್ನು ಬೀಳಿಸಲೆಂದು ಬಂದುದಲ್ಲ. ಹಣ್ಣು ಕಾಗೆಗಾಗಿ ಕಾದುಕೊಂಡಿದ್ದುದೂ ಅಲ್ಲ. ಪ್ರಯಾಣಕಾಲದಲ್ಲಿ ಒದಗುವ ಭೇಟಿಗಳು ಬಹುಮಟ್ಟಿಗೆ ಇಂತಹವೇ. ರೈಲ್ವೆ ಇಲಾಖೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾವು, ಜನರು ಹೀಗೆ ಕೂಡಿ ಹಾಗೆಯೇ ಅಗಲುವುದನ್ನು ನಿತ್ಯವೂ ಕಂಡಿದ್ದೇವೆ. ಬಿದ್ದ ಹಣ್ಣನ್ನು ಬಗ್ಗಿ ಎತ್ತಿಕೊಳ್ಳುವವರು ಮಾತ್ರ ವಿರಳ. ಅಂತಹ ವಿರಳರಲ್ಲಿ ಒಬ್ಬರು ಚಂದ್ರಶೇಖರ ವೆಂಕಟ ರಾಮನ್.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ನರ ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ಬಾಲ್ಯವು ವಿಶಾಖಪಟ್ಟಣದಲ್ಲಿ ಕಳೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಪ್ರಥಮ ಸಂಶೋಧನ ಲೇಖನವು ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಜೀವಿಸುವ ಮಾರ್ಗವು ದುರ್ಲಭವಾಗಿತ್ತು. ಆದುದರಿಂದ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು, ಪ್ರಥಮ ಸ್ಥಾನ ಗಳಿಸಿ, 1907ರಲ್ಲಿ ನವವಧು ಲೋಕಸುಂದರಿಯೊಡನೆ ಕಲ್ಕತ್ತೆಗೆ ತೆರಳಿದರು. ಆಗ ಅವರಿಗೆ ಹದಿನೆಂಟು ವರ್ಷ. ಪರಭಾಷೆಯ ಊರು, ಸರಕಾರಿ ಕಚೇರಿ, ಲೆಕ್ಕಪತ್ರಗಳ ರಾಶಿ. ಉದರಂಭರಣಕ್ಕಾಗಿ ಊರು ಬಿಟ್ಟವರಿಗೆ ಈ ಚಿತ್ರವನ್ನು ನಾವು ವಿವರಿಸಬೇಕಾಗಿಲ್ಲ.

ಒಂದು ದಿನ ಟ್ರಾಮಿನಲ್ಲಿ ಸಾಗುತ್ತಿದ್ದಾಗ ಬೌಬಜಾರ್ ಬೀದಿಯ ಕಟ್ಟಡವೊಂದರ ಮೇಲೆ ಅವರಿಗೊಂದು ಫಲಕ ಕಂಡಿತು. ಅದು ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಫಲಕ. ರಾಮನ್ ಇಳಿದು ಹೋಗಿ ಕದ ತಟ್ಟಿದರು. ಕದ ತೆರೆದವರು ಆಶುತೋಷ ಡೇ ಎಂಬ ಸಹಾಯಕರು. ಮುಂದೆ ಅವರೇ ದೀರ್ಘಕಾಲ ರಾಮನ್ನರ ಪ್ರಯೋಗಗಳಿಗೆ ಬಲಗೈಯಾದರು. ಸಂಘದ ಕಾರ್ಯದರ್ಶಿ ಅಮೃತಲಾಲ ಸರಕಾರ್ ಈ ತರುಣನನ್ನು ಆದರದಿಂದ ಬರಮಾಡಿಕೊಂಡು, ಪ್ರಯೋಗಶಾಲೆಯನ್ನು ಅವರ ವಶಕ್ಕೆ ಒಪ್ಪಿಸಿದರು.

ಆ ಆದರದ ಹಿಂದೆ ಒಂದು ನೋವಿನ ಕಥೆಯಿದೆ. ಅಮೃತಲಾಲರ ತಂದೆ, ವೈದ್ಯ ಮಹೇಂದ್ರಲಾಲ ಸರಕಾರ್, ಭಾರತೀಯರೇ ಸ್ವತಂತ್ರವಾಗಿ ಸಂಶೋಧನೆ ನಡೆಸಬೇಕೆಂಬ ಆಸೆಯಿಂದ ಸಹೃದಯರ ದಾನಗಳನ್ನು ಕೂಡಿಸಿ 1876ರಲ್ಲಿ ಆ ಸಂಘವನ್ನು ಕಟ್ಟಿದ್ದರು. ಉಪನ್ಯಾಸಗಳೇನೋ ನಡೆದವು, ಸಂಶೋಧನೆಗೆಂದು ತಮ್ಮನ್ನು ಮುಡಿಪಿಟ್ಟುಕೊಳ್ಳುವ ತರುಣರು ಬರಲಿಲ್ಲ. ಆ ನಿರಾಶೆಯಲ್ಲಿಯೇ ಅವರು 1904ರಲ್ಲಿ ತೀರಿಕೊಂಡರು. ಅವರು ಕಾದಿದ್ದ ತರುಣನು ಬಂದದ್ದು ಮೂರೇ ವರ್ಷಗಳ ಅನಂತರ.

ಅಂದಿನಿಂದ ರಾಮನ್ನರ ದಿನಚರಿಯು ಬದಲಾಯಿತು. ಬೆಳಗಿನ ಜಾವದಲ್ಲಿ ಪ್ರಯೋಗಶಾಲೆ, ಹಗಲು ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದರೂ ವ್ರತವು ಭಂಗವಾಗಲಿಲ್ಲ. 1911ರಲ್ಲಿ ಕಲ್ಕತ್ತೆಗೆ ಮರಳಿದರು. 1917ರಲ್ಲಿ, ಹೆಚ್ಚಿನ ವೇತನದ ಸರಕಾರಿ ಹುದ್ದೆಯನ್ನು ತ್ಯಜಿಸಿ, ಕಡಿಮೆ ವೇತನದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಸ್ವೀಕರಿಸಿದರು. ಪಿಟೀಲು, ವೀಣೆ, ಮೃದಂಗಗಳ ನಾದರಹಸ್ಯವನ್ನು ಶೋಧಿಸಿದ್ದೂ ಆ ವರ್ಷಗಳಲ್ಲಿಯೇ.

ಎರಡನೆಯ ಬಾಗಿಲು ಸಮುದ್ರಯಾನದಲ್ಲಿ ತೆರೆಯಿತು. 1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕಾಗಿ ಅವರು ಇಂಗ್ಲೆಂಡಿಗೆ ಹೋದರು. ದಾರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢನೀಲವು ಅವರ ಚಿತ್ತವನ್ನು ಸೆಳೆಯಿತು. ಕಡಲಿನ ನೀಲವು ಆಕಾಶದ ಪ್ರತಿಬಿಂಬವೆಂಬುದು ಲಾರ್ಡ್ ರ‍್ಯಾಲೆಯಂತಹ ಮಹಾವಿಜ್ಞಾನಿಯ ಅಭಿಪ್ರಾಯವಾಗಿತ್ತು. ನಾರ್ಕುಂಡಾ ಎಂಬ ಹಡಗಿನಲ್ಲಿ ಮರಳುವಾಗ ರಾಮನ್ ತಮ್ಮೊಡನಿದ್ದ ನಿಕೋಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ನೀರಿನ ಮೇಲ್ಮೈಯಿಂದ ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕನ್ನು ಆ ಪಟ್ಟಕವು ತಡೆಹಿಡಿಯಬಲ್ಲದು. ನೀಲವು ಪ್ರತಿಬಿಂಬವೇ ಆಗಿದ್ದರೆ ಅಳಿದುಹೋಗಬೇಕಾಗಿತ್ತು. ಅದು ಇನ್ನಷ್ಟು ಗಾಢವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಯೆಂದು ನಿಶ್ಚಯಿಸಿ, ಹಡಗು ಮುಂಬಯಿ ಬಂದರಿನಲ್ಲಿದ್ದಾಗಲೇ, ಸೆಪ್ಟೆಂಬರ್ 26ರ ತೇದಿಯನ್ನಿಟ್ಟು, ನೇಚರ್ ಪತ್ರಿಕೆಗೆ ಬರೆದರು.

ಆ ಜಿಜ್ಞಾಸೆಯ ಬೆನ್ನುಹತ್ತಿ ಶಿಷ್ಯರೊಡನೆ ಏಳು ವರ್ಷ ದುಡಿದರು. ಹೀಗೆ ಚದುರಿದ ಬೆಳಕಿನಲ್ಲಿ ಒಂದು ಅಲ್ಪಾಂಶವು ತನ್ನ ಬಣ್ಣವನ್ನೇ ಬದಲಿಸುತ್ತದೆಯೆಂಬ ಸತ್ಯವು, ಕೆ. ಎಸ್. ಕೃಷ್ಣನ್ನರ ಸಹಕಾರದಿಂದ, 1928ರ ಫೆಬ್ರವರಿ 28ರಂದು ದೃಢಪಟ್ಟಿತು. ಅದು ನಡೆದುದೂ ಆ ಬೌಬಜಾರ್ ಬೀದಿಯ ಕಟ್ಟಡದಲ್ಲಿಯೇ. 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದ ರಾಮನ್, ಕನ್ನಡನಾಡಿನಲ್ಲಿಯೇ ನೆಲೆನಿಂತು, 1970ರ ನವೆಂಬರ್ 21ರಂದು ಅಲ್ಲಿಯೇ ದೇಹತ್ಯಾಗ ಮಾಡಿದರು.

ಇಲ್ಲಿ ನಮ್ಮದೊಂದು ಕೊರತೆಯನ್ನು ಮುಚ್ಚಿಡಲಾರೆವು. ಕಚೇರಿಯ ದಾರಿಯಲ್ಲಿ ಸಂಸ್ಕೃತ ಪಾಠಶಾಲೆಯೊಂದರ ಫಲಕವನ್ನು ನಾವು ಹನ್ನೊಂದು ವರ್ಷ ರೈಲಿನ ಕಿಟಕಿಯಿಂದಲೇ ಓದಿದೆವು. ಇಳಿದು ಹೋದದ್ದು ನಿವೃತ್ತಿಯ ಅನಂತರ. ಅಲ್ಲಿ ನ್ಯಾಯಶಾಸ್ತ್ರವನ್ನು ಬೋಧಿಸುತ್ತಿದ್ದ ವೃದ್ಧ ಪಂಡಿತರು ಅಷ್ಟರಲ್ಲಿ ಗತಿಸಿದ್ದರು. ಫಲಕವನ್ನು ಕಾಣಿಸುವುದು ಯದೃಚ್ಛೆಯ ಕೆಲಸ. ಇಳಿಯುವುದು ನಮ್ಮ ಕೆಲಸ.

ರಾಮನ್ ಇಳಿದರು, ನಿಜ. ಆದರೆ ಮೂವತ್ತು ವರ್ಷ ಯಾರೂ ಬಾರದಿದ್ದರೂ ಆ ಕಟ್ಟಡಕ್ಕೆ ಬೀಗ ಬಿದ್ದಿರಲಿಲ್ಲವೆಂಬುದನ್ನೂ ಮರೆಯಲಾಗದು. ಪರಸ್ಥಳಗಳಲ್ಲಿ ನಾಲ್ಕೈದು ಮಕ್ಕಳಿಗಾಗಿ ಪಾಠವನ್ನೂ ಪುಸ್ತಕದ ಕಪಾಟನ್ನೂ ಕಾಪಾಡಿಕೊಂಡು ಬರುತ್ತಿರುವ ಮಹನೀಯರು ಮಹೇಂದ್ರಲಾಲರನ್ನು ಒಮ್ಮೆ ನೆನೆಯಲಿ. ಬರಬೇಕಾದವನು ಯಾವ ಬಂಡಿಯಲ್ಲಿ ಬರುವನೋ ಬಲ್ಲವರಾರು? ಕದವು ತೆರೆದಿರಲಿ ಎಂಬುದಷ್ಟೇ ನಮ್ಮ ವಿನಮ್ರ ವಿಜ್ಞಾಪನೆ.